ಭೂಮಿಗೆ ಹೋಳಿಗೆ, ಆಯಿಗೆ ಗಂಜಿ

ಹೆಸರು ಬೇಡ, ಊರೂ ಬೇಡ. ಹೇಳಿದರೆ ಇಲ್ಲಿ ಕೂತ ನೀವೆಲ್ಲ ಮುಂದಿನ ಸಾಲಿನ ಕಡೆ ತಿರುಗಿ ನೋಡುತ್ತೀರಿ. ಒಬ್ಬ ಸಾಹುಕಾರ ಅಂತಷ್ಟೇ ಇಟ್ಟುಕೊಳ್ಳಿ. ಎರಡು ಎಣ್ಣೆ ಮಿಲ್ಲು, ನಲವತ್ತು ಎಕರೆ ಎರೆಹೊಲ, ಮದುವೆ ಮನೆಗಳಲ್ಲಿ ಮೊದಲ ಕುರ್ಚಿ. ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ನೀವು ಅವನನ್ನು ಬೈದು ಆರಾಮಾಗಿ ಮನೆಗೆ ಹೋಗುತ್ತಿದ್ದಿರಿ.

ಅವನಿಗೊಬ್ಬಳು ಆಯಿ, ಅಂದರೆ ಅಜ್ಜಿ. ತಬ್ಬಲಿಯಾಗಿದ್ದ ಅವನನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾಕಿದವಳು. ಎರಡು ವರ್ಷದ ಹಿಂದೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟ ಅಂತ ತಾಲೂಕಿನಲ್ಲಿದ್ದ ಒಂದು ವೃದ್ಧರ ಆರೈಕೆ ಮನೆಯಲ್ಲಿ ಬಿಟ್ಟ. ಸುಮ್ಮನೆ ಬಿಡಲಿಲ್ಲ, ಒಂದು ಫ್ಯಾನು ದಾನ ಕೊಟ್ಟ. ಫ್ಯಾನಿನ ಮೂರೂ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿದ.

ಆಯಿ ಅಂದಳಂತೆ: "ಬಾಳ ಛಲೋ ಆತಪಾ. ಫ್ಯಾನ್ ತಿರುಗೂಮುಂದ ನಿನ್ನ ಹೆಸರು ಕಾಣಂಗಿಲ್ಲ. ಕರೆಂಟ್ ಹೋಗಿ ನಾವು ಬೆವರೂಮುಂದ ಅಷ್ಟ ಓದಾಕ ಬರತೈತಿ."

ಅಂಥ ಬಾಯಿ!

ಎಳ್ಳ ಅಮಾವಾಸ್ಯೆ ಬಂತು. ಆ ದಿನ ಹೊಲದಲ್ಲಿ ಬಿಳಿಜೋಳ ತೆನೆಯ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಅಂತ ನಮ್ಮ ಕಡೆ ಬಗೆಬಗೆಯ ಅಡಿಗೆ ಹೊತ್ತು ಹೊಲಕ್ಕೆ ಹೋಗುತ್ತಾರೆ. ಮೊದಲ ತುತ್ತು ನೆಲಕ್ಕೆ ಎರಚುತ್ತಾರೆ. ಅದೇ ಚರಗ ಚೆಲ್ಲುವುದು. ಸಾಹುಕಾರನಿಗೆ ಆ ಬೆಳಿಗ್ಗೆ ಒಂದು ಯೋಚನೆ ಹೊಳೆಯಿತು. ಆಯಿಯನ್ನು ಹೊಲಕ್ಕೆ ಕರೆತರಬೇಕು. ಊಟವಾದ ಮೇಲೆ ವಾಪಸು ಬಿಡಬಾರದು, ಮನೆಗೇ ಕರೆದೊಯ್ಯಬೇಕು. ಬೀಗರೆಲ್ಲ ಸೇರುತ್ತಾರೆ, ಅವರ ಎದುರಿಗೇ ಹೇಳಬೇಕು. ಯೋಚಿಸುತ್ತಲೇ ಅವನ ಎದೆ ಉಬ್ಬಿತು. ಇದು ಪುಣ್ಯದ ಕೆಲಸವಲ್ಲವೇ? ನೀವೇ ಹೇಳಿ, ಅಲ್ಲವೇ?

ಆಯಿಯನ್ನು ಕಾರಿನಲ್ಲಿ ಕೂರಿಸಿ, ತಾನು ಒಳಗೆ ಹೋಗಿ ಅಲ್ಲಿನ ಮೇಲ್ವಿಚಾರಕಿಗೆ ಹೇಳಿದ: "ನಮ್ಮ ಆಯಿ ಇನ್ನ ಬರಂಗಿಲ್ರಿ. ಮಂಚ ಬ್ಯಾರೆಯವರಿಗೆ ಕೊಡ್ರಿ." ಆಕೆ, "ಆಗಲ್ರಿ, ಒಬ್ಬರು ಕಾಯಾಕತ್ತಾರ, ಸಂಜೀಕ ಬರಾಕ ಹೇಳತೀನಿ," ಅಂದಳು. ಕಾರಿನಲ್ಲಿದ್ದ ಆಯಿಗೆ ಇದೇನೂ ಗೊತ್ತಿಲ್ಲ. ಕಿಟಕಿ ಇಳಿಸಿಕೊಂಡು ದಾರಿಯುದ್ದಕ್ಕೂ ಯಾರ ಹೊಲದಲ್ಲಿ ಕಳೆ ಜಾಸ್ತಿ ಅಂತ ಹೇಳುತ್ತ ಬಂದಳು.

ಬನ್ನಿಗಿಡದ ಕೆಳಗೆ ಜಮಖಾನ ಹಾಸಿದ್ದರು. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕಡುಬು. ಸಾಹುಕಾರ ಒಂದು ಹೋಳಿಗೆ ಮುರಿದು ಭೂಮಿಗೆ ಎರಚಿದ, ಕೈಮುಗಿದ. ಆಮೇಲೆ ಆಯಿಯ ಮುಂದೆ ಒಂದು ಸ್ಟೀಲ್ ಡಬ್ಬಿ ಇಟ್ಟ. ಒಳಗೆ ಗಂಜಿ.

"ಇದೇನಪಾ?"

"ನಿನಗ ಶುಗರ್ ಐತಲ್ಲ ಆಯಿ."

ಆಯಿ ಡಬ್ಬಿ ನೋಡಿದಳು, ಹೊಲ ನೋಡಿದಳು. "ಭೂಮಿತಾಯಿಗೆ ಹೋಳಿಗಿ, ನನಗ ಗಂಜಿ. ಅಕಿ ವಯಸ್ಸು ಎಷ್ಟು, ನನ್ನ ವಯಸ್ಸು ಎಷ್ಟೋ? ಅಕಿ ಶುಗರ್ ಚೆಕ್ ಮಾಡಿಸೀಯೇನು?"

ಬೀಗರೆಲ್ಲ ನಕ್ಕರು. ಸಾಹುಕಾರನ ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕಳು. ಅವನ ಮುಖ ಮಾತ್ರ ಕೆಂಪಾಯಿತು.

"ಡಾಕ್ಟರ್ ಹಬ್ಬಕ್ಕ ಅರ್ಧ ಹೋಳಿಗಿ ತಿನ್ನು ಅಂದಾರ. ನೀ ಅವರನ್ನ ಕೇಳಿಲ್ಲ, ನನ್ನೂ ಕೇಳಿಲ್ಲ."

ಮಾನ ಉಳಿಸಿಕೊಳ್ಳಲು ಇದೇ ಸಮಯ ಅಂದುಕೊಂಡು ಸಾಹುಕಾರ ಎದ್ದು ನಿಂತ. ದನಿ ಏರಿಸಿ ಎಲ್ಲರಿಗೂ ಕೇಳುವಂತೆ ಸಾರಿದ: "ಇವತ್ತಿನಿಂದ ನಮ್ಮ ಆಯಿ ನಮ್ಮ ಮನ್ಯಾಗ! ಅಲ್ಲಿ ಮಂಚ ಬಿಟ್ಟುಕೊಟ್ಟು ಬಂದೀನಿ." ಬೀಗರು ತಲೆದೂಗಿದರು. ಒಬ್ಬರು ಕಣ್ಣೂ ಒರೆಸಿಕೊಂಡರು.

ಆಯಿ ನಗಲಿಲ್ಲ. ಈ ಸಲ ಅವಳ ದನಿ ಸಣ್ಣದಾಯಿತು.

"ನನ್ನ ಮಂಚ ಕೊಟ್ಟ್ಯಾ? ನನ್ನ ಬಾಜೂ ಮಂಚದಾಕಿಗೆ ಕಣ್ಣಿಲ್ಲೋ. ದಿನಾ ಸಂಜೀಕ ನಾ ಪೇಪರ್ ಓದಿ ಹೇಳತೀನಿ, ಅಕಿ ನನ್ನ ಮಣಕಾಲು ತಿಕ್ಕತಾಳ. ಅಲ್ಲಿ ನನ್ನ ಜೋಡಿ ಜಗಳಾಡಾಕ ಹದಿನೆಂಟು ಮಂದಿ ಅದಾರ. ನಿನ್ನ ಮನ್ಯಾಗ ಯಾರದಾರ? ಟೀವಿ. ಒಯ್ದು ಬಿಡೂಮುಂದ ಕೇಳಲಿಲ್ಲ, ಆರು ತಿಂಗಳ ಅತ್ತೆ. ಈಗ ಹೊಂದಿಕೊಂಡೀನಿ, ತರೂಮುಂದನೂ ಕೇಳಲಿಲ್ಲ. ನಾನೇನು ಕಪಾಟಿನ್ಯಾಗಿನ ತಾಟೇನೋ, ಹಬ್ಬ ಬಂತಂತ ತಗದು ತೊಳದು ಇಡಾಕ?"



ಸಾಹುಕಾರ ನಿಂತೇ ಇದ್ದ. ಈಗಷ್ಟೇ ಸಾರಿದ ಮಾತು. ಅದನ್ನು ನುಂಗುವುದೆಂದರೆ ಇಷ್ಟು ಜನರ ಎದುರು ಸಣ್ಣವನಾಗುವುದು. ನುಂಗದಿದ್ದರೆ ಸಂಜೆಗೆ ಆ ಮಂಚದ ಮೇಲೆ ಇನ್ನೊಬ್ಬರು ಮಲಗುತ್ತಾರೆ. ಅವನು ಆಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ನಲವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ:

"ಆಯಿ, ನಿನಗೇನ ಬೇಕು?"

"ಮೊದಲ ಫೋನ್ ಮಾಡು. ಹೋಳಿಗಿ ಆಮ್ಯಾಲೆ."

ಎಲ್ಲರ ಎದುರೇ ಫೋನ್ ಮಾಡಿದ. "ತಪ್ಪಾತ್ರಿ ಅಕ್ಕಾರ. ನಾ ಕೇಳದ ಹೇಳಿಬಿಟ್ಟೆ. ಆಯಿ ಮಂಚ ಆಯಿಗೇ ಇರಲಿ." ಆ ಕಡೆಯಿಂದ, ಬರುವವರಿಗೆ ಇನ್ನೂ ಹೇಳಿಲ್ಲ, ಅಡ್ಡಿಯಿಲ್ಲ ಅಂತ ಉತ್ತರ ಬಂತು. ಆಯಿ ಉಸಿರು ಬಿಟ್ಟಳು. ಅರ್ಧ ಹೋಳಿಗೆಯನ್ನು ತುಪ್ಪದಲ್ಲದ್ದಿ ತಿಂದಳು, ಉಳಿದರ್ಧವನ್ನು ಅವನ ಬಾಯಿಗೆ ತುರುಕಿದಳು. "ಹಬ್ಬಕ್ಕ ಬರತೀನಿ, ಕರದರ. ಕರೀಬೇಕು ಮತ್ತ, ಹೊತ್ಕೊಂಡು ಬರೂದಲ್ಲ," ಅಂದಳು. ಅವತ್ತು ಸಾಹುಕಾರ ಹೊಟ್ಟೆ ತುಂಬ ಉಂಡ.

ಈಗ ನಿಮ್ಮ ಕಡೆ ಬರುತ್ತೇನೆ, ತಾಯಂದಿರೇ, ಅಣ್ಣಂದಿರೇ. ಮುದುಕರನ್ನು ಹೊರಗೆ ಬಿಡುವುದು ಒಳ್ಳೆಯದು ಅಂತ ನಾನು ಹೇಳಲಿಲ್ಲ, ಹಾಗೆ ಕೇಳಿಸಿಕೊಂಡು ಏಳಬೇಡಿ. ಮನೆಯೊಳಗೇ ಇಟ್ಟುಕೊಂಡವರು ದೊಡ್ಡ ಪುಣ್ಯವಂತರೇನು? ಅತ್ತೆಯ ಕಣ್ಣಿನ ಆಪರೇಷನ್‌ಗೆ ತಾರೀಖು ಗೊತ್ತು ಮಾಡುವಾಗ ಕಣ್ಣಿನ ಒಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿರಲಿಲ್ಲವೇ? ಅಪ್ಪ ಯಾವ ಕೋಣೆಯಲ್ಲಿ ಮಲಗಬೇಕು, ಅವ್ವ ಯಾವ ಸೀರೆ ಉಡಬೇಕು, ಎಲ್ಲ ನೀವೇ. ಕಾಲಿಗೆ ಬೀಳುತ್ತೀರಿ, ಹಾರ ಹಾಕುತ್ತೀರಿ. ಕೇಳುತ್ತೀರೇನು? ಕೇಳದೆ ಮಾಡಿದ ಸೇವೆ ಸೇವೆಯಲ್ಲ, ಅದು ದರ್ಬಾರು.

ಇವತ್ತು ಹೋಗಿ ಕೇಳಿ. ಗಾಡಿ ಚಾಲೂ ಇಟ್ಟುಕೊಂಡು ಕೇಳಬೇಡಿ, ಎದುರಿಗೆ ನೆಲದ ಮೇಲೆ ಕೂತು ಕೇಳಿ. "ನನಗೇನೂ ಬ್ಯಾಡಪಾ" ಅನ್ನುತ್ತಾರೆ. ಅದು ಉತ್ತರವಲ್ಲ. ಕೇಳುವವರಿಲ್ಲದೆ ಬೇಕು ಅನ್ನುವುದೇ ಆ ನಾಲಿಗೆಗೆ ಮರೆತುಹೋಗಿದೆ, ಅಷ್ಟೇ. ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ. ಕೊನೆಗೆ ಬರುವ ಉತ್ತರ ನಿಮಗೆ ಸೇರದೇ ಇರಬಹುದು. ನಿಮ್ಮ ಮರ್ಯಾದೆಗೂ ಕುಂದು ಅನ್ನಿಸಬಹುದು. ಆದರೂ ಅವರು ಹೇಳಿದ ಹಾಗೇ ಮಾಡಿ.