ಬಿಸಿಲ ಕಡೆಯ ರಿಂಗ್

ಒಂದೂರಿನ ಕಾಲೇಜಿನಲ್ಲಿ ಒಬ್ಬ ಶ್ರೀಮಂತನಿದ್ದ. ಹಣದ ಶ್ರೀಮಂತನಲ್ಲ, ಎತ್ತರದ ಶ್ರೀಮಂತ. ಆರಡಿ ನಾಲ್ಕು ಅಂಗುಲ. ನೋಡಿ ತಾಯಂದಿರೇ, ಬಾಗಿಲು ಕಂಡಲ್ಲೆಲ್ಲ ತಲೆ ಬಾಗಿಸುತ್ತಿದ್ದ. ಮನುಷ್ಯರು ಕಂಡಲ್ಲಿ ಮಾತ್ರ ಇಲ್ಲ. ಬಾಸ್ಕೆಟ್‌ಬಾಲ್ ತಂಡಕ್ಕೆ ಅವನೇ ಕ್ಯಾಪ್ಟನ್. ಎರಡು ವರ್ಷ ಫೈನಲ್‌ನಲ್ಲಿ ಸೋತಿದ್ದ. ಇದು ಕೊನೆಯ ವರ್ಷ. ಈ ಸಲ ಕಪ್ ಎತ್ತದಿದ್ದರೆ ಇನ್ನೆಂದೂ ಇಲ್ಲ.

ಅವರದು ಬಯಲಿನ ಸಿಮೆಂಟ್ ಕೋರ್ಟ್. ಬೆಳಿಗ್ಗೆ ಪಶ್ಚಿಮದ ರಿಂಗ್‌ಗೆ ಮುಖ ಮಾಡಿದರೆ ಸೂರ್ಯ ಬೆನ್ನಿಗೆ. ಪೂರ್ವದ ರಿಂಗ್‌ಗೆ ಮುಖ ಮಾಡಿದರೆ ನೇರ ಕಣ್ಣಿಗೆ. ಹಾಗಾಗಿ ಅಭ್ಯಾಸವೆಲ್ಲ ಪಶ್ಚಿಮಕ್ಕೆ. ಪೂರ್ವದ ರಿಂಗ್ ಇದ್ದದ್ದು ಶಿಕ್ಷೆಗೆ. ತಡವಾಗಿ ಬಂದವನು ಅಲ್ಲಿ ಒಬ್ಬನೇ ನಿಂತು ನೂರು ಸಲ ಚೆಂಡು ಎಸೆಯಬೇಕು. ಇದು ಕ್ಯಾಪ್ಟನ್ ಮಾಡಿದ ಕಾನೂನು.

ತಡವಾಗಿ ಬರುತ್ತಿದ್ದವನು ಒಬ್ಬನೇ. ಅಭ್ಯಾಸ ಆರಕ್ಕೆ, ಅವನ ಹಳ್ಳಿಯ ಮೊದಲ ಬಸ್ಸು ಬರುವುದೇ ಆರೂವರೆಗೆ. ಯಾಕೆ ತಡ ಎಂದು ಯಾರಾದರೂ ಕೇಳಿದರೇ? ಕೇಳಲಿಲ್ಲ. ತಡದಪ್ಪ ಎಂದು ಹೆಸರಿಟ್ಟರು.

“ಬಂದ್ರೀ ತಡದಪ್ಪನವರ? ಹೋಗ್ರಿ, ಸೂರ್ಯಪ್ಪ ಕಾಯಾಕತ್ತಾನ,” ಎಂದು ಕ್ಯಾಪ್ಟನ್ ದಿನವೂ ನಗುತ್ತಿದ್ದ. ತಡದಪ್ಪ ಚೆಂಡು ಎತ್ತಿಕೊಂಡು ಹೋಗುತ್ತಿದ್ದ. ದೂರದಿಂದ ನೋಡಿದರೆ ಅವನು ಬೆಳಕಿನೊಳಕ್ಕೇ ಚೆಂಡು ಎಸೆಯುತ್ತಿರುವಂತೆ ಕಾಣುತ್ತಿತ್ತು. ಬೆಳಕು ಅದನ್ನು ನುಂಗಿ, ಕ್ಷಣಹೊತ್ತು ಯೋಚಿಸಿ, ಮರಳಿ ಕೊಡುತ್ತಿತ್ತು.

ಆ ವರ್ಷ ತಂಡ ಊರೂರು ಸುತ್ತಿತು. ಸಂಜೆಯ ಆಟಗಳು, ದೀಪದ ಕೆಳಗಿನ ಆಟಗಳು. ಆಡಿದ ಆರೂ ಪಂದ್ಯ ಗೆದ್ದರು. ಮರಳುವಾಗ ಬಸ್ಸಿನ ಕಿಟಕಿಗೆ ಒರಗಿದ ಕ್ಯಾಪ್ಟನ್‌ಗೆ ಪ್ರತಿ ಸಲವೂ ಒಂದೇ ಕನಸು. ಕಪ್ ಬಾವಿಯಷ್ಟು ಆಳವಾಗಿದೆ. ಬಗ್ಗಿ ನೋಡಿದರೆ ತಳದ ನೀರಿನಲ್ಲಿ ಅವನ ಮುಖ. ಅವನದೊಂದೇ ಮುಖ. ನಮ್ಮ ಕನಸುಗಳಲ್ಲಿ ಇನ್ನೊಬ್ಬರ ಮುಖ ಎಷ್ಟು ಸಲ ಕಾಣುತ್ತದೆ, ಹೇಳಿ?

ಫೈನಲ್ ಅವರದೇ ಕೋರ್ಟಿನಲ್ಲಿ ಬಂತು. ಮುಖ್ಯ ಅತಿಥಿಗಳಿಗೆ ಮಧ್ಯಾಹ್ನ ಒಂದು ಮದುವೆಯಿತ್ತಂತೆ. ಆದ್ದರಿಂದ ಆಟ ಬೆಳಿಗ್ಗೆ ಎಂಟಕ್ಕೆ. ಮೊದಲರ್ಧ ಪಶ್ಚಿಮದ ರಿಂಗ್. ಹದಿನಾಲ್ಕು ಅಂಕ ಮುಂದಿದ್ದರು. ಆಮೇಲೆ ಏನಾಗುತ್ತದೆ? ನಿಯಮದಂತೆ ಬದಿ ಬದಲಾಗುತ್ತದೆ. ಎಲ್ಲರ ಬಾಳಿನಲ್ಲೂ ಬದಿ ಬದಲಾಗುತ್ತದೆ, ತಾಯಂದಿರೇ.

ವರ್ಷವೆಲ್ಲ ಬೆನ್ನು ಕಾಯ್ದ ಸೂರ್ಯ ಈಗ ಎದುರಿಗೆ ನಿಂತ. ಕ್ಯಾಪ್ಟನ್ ಎಸೆದ ಚೆಂಡು ಬೆಳಕಿಗೆ ಹೋಗುತ್ತಿತ್ತು, ರಿಂಗ್‌ಗೆ ಹೋಗುತ್ತಿರಲಿಲ್ಲ. ಹದಿನಾಲ್ಕು ಒಂಬತ್ತಾಯಿತು, ಒಂಬತ್ತು ಮೂರಾಯಿತು. ಒಬ್ಬ ಆಟಗಾರ ಐದನೆಯ ಫೌಲ್ ಮಾಡಿ ಹೊರಗೆ ಹೋದಾಗ ಆಟದ ಮೇಷ್ಟ್ರು ತಡದಪ್ಪನನ್ನು ಒಳಗೆ ಕಳಿಸಿದರು. ತಪ್ಪಿ ತನ್ನ ಕೈಗೆ ಬಂದ ಒಂದು ಚೆಂಡನ್ನು ಅವನು ಕಣ್ಣು ಅರೆ ಮುಚ್ಚಿಯೇ ಎಸೆದ. ಬಿತ್ತು. ಅದೃಷ್ಟ ಅಂದುಕೊಂಡ ಕ್ಯಾಪ್ಟನ್.

ಕೊನೆಗೆ ಉಳಿದದ್ದು ಎಂಟು ಸೆಕೆಂಡು. ಒಂದು ಅಂಕ ಹಿಂದೆ. ಚೆಂಡು ಕ್ಯಾಪ್ಟನ್ ಕೈಯಲ್ಲಿ. ಎದುರಿಗೆ ರಿಂಗ್ ಇಲ್ಲ, ಬೋರ್ಡ್ ಇಲ್ಲ, ಬರೀ ಬಿಳುಪು. ಜನರ ಕೂಗು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಬಲಗಡೆಯಿಂದ ಒಂದು ದನಿ, ಮೆಲ್ಲಗೆ: “ಅಣ್ಣಾ, ಇತ್ತ ಕೊಡು. ನನಗ ಗೊತ್ತೈತಿ.”

ಕೇಳಿಸಿತು. ಕೇಳಿಸಲಿಲ್ಲ ಎಂದಲ್ಲ, ನೋಡಿ, ಕೇಳಿಸಿತು. ಚೆಂಡನ್ನು ಎದೆಗೆ ಅವುಚಿಕೊಂಡ. ಒಂದು ಉಸಿರು. ಇವನಿಗೇ? ಎರಡು ಉಸಿರು. ನನ್ನ ಕೊನೆಯ ಚೆಂಡು ಇವನ ಕೈಗೇ? ಮೂರು ಉಸಿರು. ಆಮೇಲೆ ಕೊಟ್ಟ.

ತಡದಪ್ಪ ಎಸೆದ ಚೆಂಡು ಕಬ್ಬಿಣಕ್ಕೆ ತಾಗದೆ ಬಲೆಯೊಳಗೆ ಇಳಿಯಿತು. ಆದರೆ ಅದು ಅವನ ಕೈ ಬಿಡುವ ಮುಂಚೆಯೇ ಆಟ ಮುಗಿದ ಸೀಟಿ ಕೂಗಿತ್ತು. ಲೆಕ್ಕಕ್ಕೆ ಬರಲಿಲ್ಲ. ಒಂದೇ ಅಂಕದಿಂದ ಸೋತರು.

ಕ್ಯಾಪ್ಟನ್ ಸಿಮೆಂಟಿನ ಮೇಲೆ ಕುಸಿದು ಕೂತ. ಪಕ್ಕಕ್ಕೆ ಬಂದ ತಡದಪ್ಪನನ್ನು ಕೇಳಿದ: “ಅಲ್ಲಿ ಏನೂ ಕಾಣಂಗಿಲ್ಲಲ್ಲೋ. ಹ್ಯಾಂಗ ಹಾಕಿದಿ?”

“ಕಣ್ಣಿಗೆ ಕಾಣಂಗಿಲ್ಲಣ್ಣಾ, ಕೈಗೆ ಗೊತ್ತಾಗತೈತಿ. ದಿನಾ ನೂರು ಸಲ ಒಗಿಸಿದಿಯಲ್ಲಾ ನೀನು.”

ಅವರನ್ನು ಸೋಲಿಸಿದ್ದು ಯಾರು? ಎದುರಾಳಿಯೇ? ಸೂರ್ಯನೇ? ಅಲ್ಲ. ಆ ಮೂರು ಉಸಿರು. ವರ್ಷವಿಡೀ ಇನ್ನೊಬ್ಬನ ತಡವನ್ನು ಅಣಕಿಸಿದವನು, ತಡ ಮಾಡಬಾರದ ಗಳಿಗೆಯಲ್ಲಿ ತಾನೇ ತಡ ಮಾಡಿದ.

ನೀವು ಆ ಕ್ಯಾಪ್ಟನ್‌ನನ್ನು ಕಂಡು ಮರುಗುತ್ತಿದ್ದೀರಿ. ಮರುಗಬೇಡಿ. ನಿಮ್ಮ ಮನೆಗೆ ಬನ್ನಿ. ಓದಲಿಲ್ಲವೆಂದು ನೀವು ಆಸ್ಪತ್ರೆಯ ಸರದಿಯಲ್ಲಿ ನಿಲ್ಲಲು ಕಳಿಸುವ ಎರಡನೆಯ ಮಗನಿದ್ದಾನಲ್ಲ? ಯಾವ ಡಾಕ್ಟರು ರೋಗಿಯ ಮಾತನ್ನು ಪೂರ್ತಿ ಕೇಳುತ್ತಾರೆ ಎಂಬುದು ಅವನಿಗೆ ಗೊತ್ತು. ತಾಯಿ ಹಾಸಿಗೆ ಹಿಡಿದಾಗ, ಯಾರಿಗೆ ತೋರಿಸೋಣ ಎಂದು ಅವನನ್ನು ಕೇಳಿದಿರಾ? ನಿಮ್ಮ ಬೈಗುಳ ತಿನ್ನುತ್ತಲೇ ಮನೆ ನಡೆಸಿದ ಸೊಸೆಯನ್ನು, ಮನೆಯ ಯಾವ ಮಾತಿಗೆ ಕರೆದು ಕೂರಿಸಿದಿರಿ?

ಇವತ್ತು ಊಟಕ್ಕೆ ಕೂರುವ ಮುಂಚೆ ಅವರನ್ನು ಕರೆಯಿರಿ. ಅಡ್ಡಹೆಸರಿನಿಂದಲ್ಲ, ತೊಟ್ಟಿಲಲ್ಲಿಟ್ಟ ಹೆಸರಿನಿಂದ. ನಿನಗೇನು ಅನ್ನಿಸುತ್ತದೆ ಎಂದು ಕೇಳಿ. ಕೇಳಿದ ಮೇಲೆ ನಡುವೆ ಬಾಯಿ ಹಾಕಬೇಡಿ.