ಮುಕ್ಕಾಲು ಕೊಡ ನೀರು

ಬರಗಾಲದ ಬೇಸಿಗೆ. ಭಾಲ್ಕಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕತಂಗಿ ಕುಳಿತಿದ್ದರು. ತಂಗಿಗೆ ಬೀದರಿನಲ್ಲಿ ಹಾಸ್ಟೆಲ್ ಶಾಲೆಯ ಪ್ರವೇಶ ಪರೀಕ್ಷೆ. ಬಸ್ಸಿನ ಸುಳಿವಿಲ್ಲ. ಅಕ್ಕ ಕೂತಲ್ಲಿ ಕೂರದೆ ತಂಗಿಗೆ ಲೆಕ್ಕ ಕೇಳುತ್ತಿದ್ದಳು.

“ಮುಕ್ಕಾಲು ಕೊಡ ನೀರಾಗ ಅರ್ಧ ಕೊಡ ಜಳಕಕ್ಕ ಹೋತು. ಉಳದದ್ದೆಷ್ಟು?”

“ಮುಕ್ಕಾಲು.”

“ಮತ್ತ ಅದೇ! ಕಳೀಬೇಕು, ಗಂಗೂ.”

“ಯಾಕ ಕಳೀಬೇಕು? ಹಗ್ಗದ ಹೊರಸಿನ ಮ್ಯಾಲ ಕುಂತು ಜಳಕ ಮಾಡ್ತೇವಿ, ಕೆಳಗ ನೀರು ಹಿಡೀಲಿಕ್ಕ ಪರಾತ ಇಡ್ತೇವಿ. ಆ ನೀರು ಎಮ್ಮಿ ಕುಡೀತದ. ಎಲ್ಲಿ ಹೋತು?”

ಅಕ್ಕ ರಸ್ತೆಯ ಕಡೆ ನೋಡಿದಳು.

“ಇವತ್ತ ಸಂತಿ. ಅಪ್ಪ ಎಮ್ಮಿ ಹೊಡಕೊಂಡು ಹೋಗ್ಯಾನ.”

“ಮಾರ್ಲಿಕ್ಕಾ?”

“ಹೂಂ.”

ಬಸ್ಸು ಬಂತು. ಜನ ನುಗ್ಗಿದರು. ಅಕ್ಕ ತಂಗಿಯ ಕೈಹಿಡಿದು ಎಳೆದಳು.

ಮೆಟ್ಟಿಲ ಮೇಲೆ ತಂಗಿ ಮೆಲ್ಲಗೆ ಹೇಳಿದಳು, “ಹಂಗಾದ್ರ ಕಾಲೇ ಕೊಡ ಉಳೀತು, ಅಕ್ಕಾ.”