ಪೊರೆ ಬಿಡುವ ಮೊದಲು

ತಪ್ಪಾಗಿ ಕತ್ತರಿಸಿದ ಬಟ್ಟೆಗೆ ಮೀಟರಿನ ದರ ಕಟ್ಟಿಕೊಟ್ಟರೆ ಮುಗಿಯಿತು ಎಂಬುದು ಟೈಲರಮ್ಮನ ಲೆಕ್ಕ. ಅವತ್ತು ಬಸ್ಸಿನಲ್ಲಿ ಅವಳ ಮುಂದೆ ಕೂತಿದ್ದವರು ಮ್ಯೂಸಿಯಮ್ಮಿನ ಜೇಡದ ವಿಭಾಗದ ಹಿರಿಯ ಸಂಶೋಧಕಿಯೊಬ್ಬಳು ಮತ್ತು ಅವಳ ಸಹಾಯಕ. ಅವನ ತೊಡೆಯ ಮೇಲಿನ ಸೀಸೆಯಲ್ಲಿ ಮೈತುಂಬ ಕೂದಲಿನ, ಅಂಗೈಯಗಲದ ಸತ್ತ ಟರಾಂಟುಲಾ ಜೇಡವಿತ್ತು.

“ಬದುಕಿದ್ದದ್ದನ್ನ ಕೊಯ್ದೆಯಲ್ಲೋ!”

“ನೀಲಿ ಕಾಲು ನೋಡಿ ಹೊಸ ಜಾತಿ ಅಂದ್ರೆ ಯಾರು ನಂಬ್ತಾರೆ ಅಕ್ಕಾ? ಬಣ್ಣ ಮಾಸತ್ತೆ. ಹೆಣ್ಣಿನ ಹೊಟ್ಟೆಯೊಳಗೆ ಗಂಡಿನ ಬೀಜ ಕೂಡಿಡೋ ಚೀಲ ಯಾವ ಆಕಾರ ಅಂತ ನೋಡ್ಲೇಬೇಕಿತ್ತು.”

“ಅದು ಕಳಚೋ ಪೊರೆಯಲ್ಲೂ ಆ ಚೀಲದ ಅಚ್ಚು ಇರತ್ತೆ, ಮಹರಾಯ. ಸ್ವಲ್ಪ ಕಾದಿದ್ರೆ ತಾನೇ ಬಿಡ್ತಿತ್ತು.”

“ಅಷ್ಟರಲ್ಲಿ ಬೇರೆಯವರು ಹೆಸರಿಟ್ಟುಬಿಟ್ಟಿದ್ರೆ?”

“ಎಲ್ಲಿಂದ ತರ್ತಿದ್ರು? ಇದು ಸಿಕ್ಕಿದ ಗುಡ್ಡಾನೇ ಒಡೆದು ಜಲ್ಲಿ ಮಾಡಿಯಾಯ್ತು. ನಾವೆಲ್ಲ ಹುಡುಕಿದ್ರೂ ಸಿಕ್ಕಿದ್ದು ಇದೊಂದೇ.”

ಅವನು ಸೀಸೆಯ ಮುಚ್ಚಳ ಬಿಗಿ ಮಾಡಿದ.

“ಚೀಲ ಬೇರೆ ಥರಾನೇ ಇದೆ ಅಕ್ಕಾ. ಹೊಸ ಜಾತಿನೇ.”

“ಇಡು ಹೆಸರು. ತೊಟ್ಟಿಲಿಗಲ್ಲ, ಚಟ್ಟಕ್ಕೆ.”

ಟೈಲರಮ್ಮ ತನ್ನ ಕೈಚೀಲದಿಂದ ಇಣುಕುತ್ತಿದ್ದ ಕತ್ತರಿಯನ್ನು ಒಳಕ್ಕೆ ತಳ್ಳಿದಳು. ಮುಂದಿನ ಸ್ಟಾಪಿನಲ್ಲಿ ಅವರಿಬ್ಬರೂ ಇಳಿದುಹೋದರು. ಅವರಿಗೆ ಒಂದು ಹೆಸರು ದಕ್ಕಿತ್ತು. ಆ ಹೆಸರಿನ ಜೇಡ ಇನ್ನೊಂದಿರಲಿಲ್ಲ.